ಹಾಡು, ಕಿವಿ, ಆಮೇಲೆ ಪೆಟ್ಟಿಗೆ: ಮಳೆನಾಡಿನಲ್ಲಿ ಮ್ಯೂಸಿಕ್ ಪ್ಲೇಯರ್ ಕೊಳ್ಳುವವರಿಗೆ

ಜೂನ್ ಎರಡನೆಯ ವಾರ ಮಳೆ ಹಿಡಿಯಿತೆಂದರೆ ನಮ್ಮಲ್ಲಿ ಮೊದಲು ಹೋಗುವುದು ಕರೆಂಟು, ಅದರ ಬೆನ್ನಿಗೆ ಮೊಬೈಲ್ ಟವರು. ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ರಸ್ತೆ ಬಿಟ್ಟು ಒಳಗೆ ಇರುವ ನಮ್ಮಂಥ ಒಂಟಿ ಮನೆಗಳಲ್ಲಿ ಫೋನು ಆಮೇಲೆ ಬರೀ ಟಾರ್ಚು. ಇಂಟರ್‌ನೆಟ್ಟಿನಿಂದ ಹಾಡು ತರಿಸುವ ಆ್ಯಪ್‌ಗಳು ಪಲ್ಲವಿ ಮುಗಿಯುವ ಮೊದಲೇ ಗಂಟಲು ಕಟ್ಟಿಕೊಂಡು ಕೂರುತ್ತವೆ. ಮನೆಯ ಹೊರಗೆ ಕಾಲಿಡಲಾಗದ, ಕೈಗೆ ಹೆಚ್ಚು ಕೆಲಸವೂ ಇಲ್ಲದ, ಸಂಗೀತ ಕೇಳಲು ಹೇಳಿ ಮಾಡಿಸಿದ ದಿನಗಳಲ್ಲೇ ಹೀಗಾಗುತ್ತದೆ.

ಹಾಡುಗಳನ್ನೆಲ್ಲ ತನ್ನ ಹೊಟ್ಟೆಯಲ್ಲೇ ಇಟ್ಟುಕೊಂಡ ಪುಟ್ಟ ಪ್ಲೇಯರ್‌ಗಳ ಕಾಲ ಮುಗಿಯಿತೆಂದು ಪೇಟೆಯವರು ಹೇಳುತ್ತಾರೆ. 2001ರಲ್ಲಿ ಬಂದ ಐಪಾಡ್ 2022ರಲ್ಲಿ ನಿಂತೂ ಹೋಯಿತು. ಆದರೆ ಒಳ್ಳೆಯ ಧ್ವನಿಗೆಂದೇ ಮಾಡಿದ ಪ್ಲೇಯರ್‌ಗಳು ಈಗಲೂ ಬರುತ್ತಿವೆ. ಸೋನಿಯ ವಾಕ್‌ಮನ್ ಇದೆ, ಫಿಯೊ, ಹೈಬಿ, ಶಾನ್‌ಲಿಂಗ್ ಮೊದಲಾದ ಚೀನೀ ಕಂಪನಿಗಳಿವೆ, ಕೊರಿಯಾದ ಆಸ್ಟೆಲ್ ಆ್ಯಂಡ್ ಕರ್ನ್ ಇದೆ. ಇವುಗಳಲ್ಲಿ ಯಾವುದನ್ನು ಕೊಳ್ಳಲಿ ಎಂದು ಕೇಳುವವರಿಗೆ ನಾನು ಮೊದಲು ಹೇಳುವುದು, ದುಡ್ಡನ್ನು ಯಾವ ಅನುಕ್ರಮದಲ್ಲಿ ಖರ್ಚು ಮಾಡಬೇಕು ಎಂಬುದನ್ನು. ಮೊದಲು ಹಾಡಿನ ಕಡತ, ನಂತರ ಇಯರ್‌ಫೋನ್, ಕಟ್ಟಕಡೆಗೆ ಪ್ಲೇಯರ್. ಬಹಳ ಜನ ಇದನ್ನು ತಲೆಕೆಳಗಾಗಿ ಮಾಡುತ್ತಾರೆ. ನಾನೂ ಹಾಗೆಯೇ ಮಾಡಿ ಒಂದು ಬೆಳೆಯ ದುಡ್ಡಿನಲ್ಲಿ ಒಂದಿಷ್ಟನ್ನು ನೀರಿಗೆ ಹಾಕಿದವನು.

ಮೊದಲ ಹೆಜ್ಜೆ: ನಿಮಗೆ ಪ್ಲೇಯರ್ ಬೇಕೇ?

ಶಿವಮೊಗ್ಗ ಪೇಟೆಯಲ್ಲಿ, ಕರೆಂಟು ಮತ್ತು ನೆಟ್‌ವರ್ಕ್ ಕೈಕೊಡದ ಕಡೆ ಇರುವವರು ಸಾವಿರ ರೂಪಾಯಿಯ ಆಸುಪಾಸಿನ ಡಾಂಗಲ್‌ನಿಂದ ಶುರು ಮಾಡಿ. ಫೋನಿನ ಚಾರ್ಜಿಂಗ್ ಕಿಂಡಿಗೆ ಸಿಕ್ಕಿಸುವ, ಇನ್ನೊಂದು ತುದಿಯಲ್ಲಿ ಇಯರ್‌ಫೋನ್ ತೂತು ಇರುವ ಗೇಣುದ್ದದ ವೈರು ಅದು. ಅದರೊಳಗೆ ಡ್ಯಾಕ್ ಎಂಬ ಚಿಪ್ಪು ಇರುತ್ತದೆ; ಅಂಕಿಗಳಾಗಿರುವ ಹಾಡನ್ನು ವಿದ್ಯುತ್ತಿನ ಅಲೆಯಾಗಿ ಮಾಡುವುದು ಅದರ ಕೆಲಸ. ಈ ಕೆಲಸ ಈಗ ಎಷ್ಟು ಅಗ್ಗವಾಗಿದೆಯೆಂದರೆ, ಒಳ್ಳೆಯ ಡಾಂಗಲ್‌ಗೂ ಮೂವತ್ತು ಸಾವಿರದ ಪ್ಲೇಯರಿಗೂ ಇರುವ ಧ್ವನಿಯ ವ್ಯತ್ಯಾಸವನ್ನು ಕಣ್ಣು ಕಟ್ಟಿಕೊಂಡು ಹೇಳುವುದು ಹೆಚ್ಚಿನವರಿಗೆ ಕಷ್ಟ.

ಹಾಗಾದರೆ ಬೇರೆ ಪ್ಲೇಯರ್ ಯಾಕೆ? ಕಾರಣ ಧ್ವನಿಗಿಂತ ಬದುಕಿಗೆ ಸಂಬಂಧಿಸಿದ್ದು. ಎರಡು ದಿನ ಕರೆಂಟಿಲ್ಲದಾಗ ಹಾಡಿಗಾಗಿ ಫೋನಿನ ಬ್ಯಾಟರಿ ಖಾಲಿ ಮಾಡಿಕೊಳ್ಳುವಂತಿಲ್ಲ. ಕೈಯ ತುಂಬ ಅಡಿಕೆಯ ಚೊಗರು ಮೆತ್ತಿರುವಾಗ ಗಾಜಿನ ಪರದೆ ಒರೆಸುವುದಕ್ಕಿಂತ ಗುಂಡಿ ಒತ್ತುವುದು ಸುಲಭ. ಅಡಿಕೆ ಸುಲಿಯುವ ರಾತ್ರಿಗಳಲ್ಲಿ ಮೂರು ತಾಸಿನ ಒಂದು ಯಕ್ಷಗಾನ ಪ್ರಸಂಗ ಕೇಳುತ್ತಿದ್ದರೆ, ನಡುವೆ ಯಾರದೋ ಫೋನ್ ಬಂದು ಭಾಗವತರ ಬಾಯಿ ಕಟ್ಟುವುದಿಲ್ಲ. ಇವು ನಿಮಗೂ ಹೌದೆನಿಸಿದರೆ ಮುಂದೆ ಓದಿ. ಇಲ್ಲವಾದರೆ ಡಾಂಗಲ್ ತೆಗೆದುಕೊಳ್ಳಿ. ಉಳಿದ ಹಣ ಇಯರ್‌ಫೋನಿಗಾಯಿತು.

ಎರಡನೆಯ ಹೆಜ್ಜೆ: ಕಡತ ಸರಿಯಿದೆಯೇ ನೋಡಿ

ಪೆನ್‌ಡ್ರೈವಿನಲ್ಲಿ ಯಾರೋ ತುಂಬಿಸಿಕೊಟ್ಟ ಸಾವಿರ ಹಾಡುಗಳು ನಮ್ಮೆಲ್ಲರ ಹತ್ತಿರವೂ ಇವೆ. ಹೆಚ್ಚಿನವು 128 ಕೆಬಿಪಿಎಸ್‌ನ, ಅಂದರೆ ಸೆಕೆಂಡಿಗೆ 128 ಕಿಲೋಬಿಟ್ ಮಾಹಿತಿಯ, ಎಂಪಿ3ಗಳು. ಒಂದು ಸಿ.ಡಿ.ಯಲ್ಲಿ ಸೆಕೆಂಡಿಗೆ 1,411 ಕಿಲೋಬಿಟ್ ಮಾಹಿತಿ ಇರುತ್ತದೆ. ಅದನ್ನು 128ಕ್ಕೆ ಇಳಿಸುವುದೆಂದರೆ ಹನ್ನೊಂದು ಪಾಲಿನಲ್ಲಿ ಹತ್ತನ್ನು ಕಳೆದು ಒಂದನ್ನು ಉಳಿಸಿಕೊಂಡಂತೆ. ಕಿವಿಗೆ ಅಷ್ಟಾಗಿ ಕೇಳದ ಭಾಗವನ್ನೇ ಆರಿಸಿ ತೆಗೆಯುವ ಜಾಣತನ ಎಂಪಿ3ಗೆ ಇದೆ, ಸುಳ್ಳಲ್ಲ. ಆದರೆ ಈ ಮಟ್ಟದಲ್ಲಿ ಜಾಣತನ ಸೋಲುತ್ತದೆ.

ಎಲ್ಲಿ ಸೋಲುತ್ತದೆ ಎಂದು ತಿಳಿಯಬೇಕೇ? ಬಡಗುತಿಟ್ಟಿನ ಯಕ್ಷಗಾನದ ಒಂದು ಧ್ವನಿಮುದ್ರಣ ಹಾಕಿ ಚಂಡೆ ಬರುವ ಕಡೆ ಗಮನವಿಡಿ. ಚಂಡೆಯ ಏಟೆಂದರೆ ಮೌನದಿಂದ ಗಕ್ಕನೆ ಎದ್ದು ಬರುವ ಸದ್ದು. ಎಂಪಿ3 ಹಾಡನ್ನು ಸಣ್ಣ ಸಣ್ಣ ತುಂಡು ಮಾಡಿ ಕುಗ್ಗಿಸುವಾಗ ಒಂದು ತುಂಡಿನೊಳಗಿನ ದೋಷ ಆ ತುಂಡಿನ ಉದ್ದಕ್ಕೂ ಹರಡಿಕೊಳ್ಳುತ್ತದೆ. ಹಾಗಾಗಿ ಕೋಲು ಚರ್ಮಕ್ಕೆ ತಾಗುವ ಮೊದಲೇ ‘ಸ್ಸ್’ ಎಂಬ ಮಬ್ಬು ಸದ್ದೊಂದು ಬಂದುಹೋಗುತ್ತದೆ. ಏಟಿನ ಅಂಚು ಮೊಂಡಾಗುತ್ತದೆ. ಭಾಗವತರ ಕೈಯ ತಾಳದ ಕಿಣಿಕಿಣಿಯಂತೂ ನೀರಿನೊಳಗಿಂದ ಬಂದಂತೆ ಕೇಳುತ್ತದೆ. ಒಮ್ಮೆ ಗುರುತಿಸಿದಿರೋ, ಮತ್ತೆ ಅದನ್ನು ಕೇಳದೆ ಇರಲು ಬರುವುದಿಲ್ಲ. ಇದು ಈ ಹವ್ಯಾಸದ ಶಾಪ.

320 ಕೆಬಿಪಿಎಸ್ ಎಂಪಿ3 ಇದ್ದರೆ ಹೆದರಬೇಡಿ, ಅದು ಚೆನ್ನಾಗಿಯೇ ಇರುತ್ತದೆ. ಇನ್ನೂ ನೆಮ್ಮದಿ ಬೇಕಾದರೆ ಫ್ಲ್ಯಾಕ್. ಇದು ಏನನ್ನೂ ಕಳೆಯದೆ ಮಡಚಿಡುವ ವಿಧಾನ, ಬಿಡಿಸಿದಾಗ ಸಿ.ಡಿ.ಯಲ್ಲಿದ್ದ ಅಂಕಿಗಳೇ ಒಂದೂ ಬಿಡದೆ ಬರುತ್ತವೆ. ನಾಲ್ಕು ನಿಮಿಷದ ಹಾಡು ಸಿ.ಡಿ. ರೂಪದಲ್ಲಿ 40 ಎಂಬಿ ಚಿಲ್ಲರೆ ಇದ್ದರೆ ಫ್ಲ್ಯಾಕ್‌ನಲ್ಲಿ ಸುಮಾರು 20ರಿಂದ 30 ಎಂಬಿ, 320ರ ಎಂಪಿ3ಯಲ್ಲಿ 10ಕ್ಕೂ ಸ್ವಲ್ಪ ಕಡಿಮೆ.

ಇಲ್ಲೊಂದು ಮೋಸ ಇದೆ. 128ರ ಎಂಪಿ3ಯನ್ನೇ ಫ್ಲ್ಯಾಕ್‌ಗೆ ತಿರುಗಿಸಿ ಹಂಚುವವರಿದ್ದಾರೆ. ನೀರು ಬೆರೆಸಿದ ಹಾಲನ್ನು ಬೆಳ್ಳಿ ಚೊಂಬಿಗೆ ಹೊಯ್ದರೆ ಗಟ್ಟಿಯಾಗುತ್ತದೆಯೇ? ಕಂಪ್ಯೂಟರಿನಲ್ಲಿ ಸ್ಪೆಕ್ ಎಂಬ ಉಚಿತ ತಂತ್ರಾಂಶ ಹಾಕಿಕೊಂಡು ಹಾಡನ್ನು ಅದರೊಳಗೆ ಎಳೆದು ಬಿಡಿ. ಹಾಡಿನ ಆವರ್ತನಗಳ ಚಿತ್ರ ಬರುತ್ತದೆ. ಚಿತ್ರದ ಮೇಲ್ಭಾಗ 16 ಕಿಲೋಹರ್ಟ್ಸ್ ಹತ್ತಿರ ಕತ್ತಿಯಿಂದ ಕೊಯ್ದಂತೆ ನೇರವಾಗಿ ನಿಂತಿದ್ದರೆ ಅದು ಬಹುಮಟ್ಟಿಗೆ 128ರ ಎಂಪಿ3ಯಿಂದ ಹುಟ್ಟಿದ್ದು. ಆದರೆ ಹಳೆಯ ಟೇಪಿನಿಂದ ಬಂದ ಹಾಡುಗಳಲ್ಲಿ ಅಷ್ಟು ಮೇಲಿನ ಸ್ವರಗಳು ಮೊದಲೇ ಇರುವುದಿಲ್ಲ; ಅಲ್ಲಿ ಚಿತ್ರ ನಿಧಾನವಾಗಿ ಕರಗುತ್ತದೆ. ಕೊಯ್ದ ಗೆರೆಗೂ ಕರಗಿದ ಅಂಚಿಗೂ ವ್ಯತ್ಯಾಸ ನೋಡಿ ತೀರ್ಮಾನಿಸಿ.

ಮನೆಯಲ್ಲಿರುವ ಸಿ.ಡಿ.ಗಳನ್ನು ಫ್ಲ್ಯಾಕ್ ಮಾಡಿಕೊಳ್ಳುವುದು ಎಲ್ಲಕ್ಕಿಂತ ಒಳ್ಳೆಯ ದಾರಿ. ಯುಎಸ್‌ಬಿಗೆ ಸಿಕ್ಕಿಸುವ ಸಿ.ಡಿ. ಡ್ರೈವ್ ಒಂದಿದ್ದರೆ, ವಿಂಡೋಸ್‌ನಲ್ಲಿ ಎಕ್ಸಾಕ್ಟ್ ಆಡಿಯೊ ಕಾಪಿ ಎಂಬ ಉಚಿತ ತಂತ್ರಾಂಶ ಸಾಕು. ಗೀರು ಬಿದ್ದ ಕಡೆ ಅದು ಮತ್ತೆ ಮತ್ತೆ ಓದಿ ತಾಳೆ ನೋಡುತ್ತದೆ. ಒಂದು ಸಿ.ಡಿ.ಗೆ ಅರ್ಧ ತಾಸು ತೆಗೆದುಕೊಂಡರೂ ಬೈಯಬೇಡಿ.

24 ಬಿಟ್, 96 ಅಥವಾ 192 ಕಿಲೋಹರ್ಟ್ಸ್ ಎಂದು ದುಬಾರಿ ಬೆಲೆಗೆ ಮಾರುವ ಕಡತಗಳು ಬೇಕೇ? ನನ್ನ ಮಟ್ಟಿಗೆ ಬೇಡ. ಈ ಅಂಕಿ ಸೆಕೆಂಡಿಗೆ ಎಷ್ಟು ಸಾವಿರ ಸಲ ಧ್ವನಿಯನ್ನು ಅಳೆದಿದ್ದಾರೆ ಎಂಬುದರದ್ದು; ಅದರ ಅರ್ಧದವರೆಗಿನ ಸ್ವರ ಅದರಲ್ಲಿ ಹಿಡಿಯುತ್ತದೆ, ಹಾಗಾಗಿ ಸಿ.ಡಿ.ಯ 44.1 ಕಿಲೋಹರ್ಟ್ಸ್‌ನಲ್ಲೇ 22 ಕಿಲೋಹರ್ಟ್ಸ್‌ವರೆಗಿನ ಸ್ವರ ಹಿಡಿಸುತ್ತದೆ. ಎಳೆಯ ಕಿವಿಗೂ 20ರ ಮೇಲೆ ಕೇಳುವುದಿಲ್ಲ, ಐವತ್ತು ದಾಟಿದ ನನಗೆ 12ರ ಮೇಲೆ ಕೇಳಿದರೆ ಪುಣ್ಯ. ಅಮೆರಿಕದ ಮೇಯರ್ ಮತ್ತು ಮೋರಾನ್ ಎಂಬಿಬ್ಬರು 2007ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ, ಇಂಥ ದುಬಾರಿ ಧ್ವನಿಮುದ್ರಣವನ್ನು ಸಿ.ಡಿ. ಮಟ್ಟಕ್ಕೆ ಇಳಿಸಿ ಕೇಳಿಸಿದಾಗ ಕೇಳುಗರು ಯಾವುದು ಯಾವುದೆಂದು ಗುರುತಿಸಲಾಗಲಿಲ್ಲ. ವಾದ ಮಾಡುವವರು ಈಗಲೂ ಮಾಡುತ್ತಾರೆ, ಮಾಡಲಿ.

ಮೂರನೆಯ ಹೆಜ್ಜೆ: ಅಟ್ಟದ ಮೇಲಿನ ಕ್ಯಾಸೆಟ್‌ಗಳು

ಇದು ಎಲ್ಲರಿಗೂ ಬೇಕಾದ ಹೆಜ್ಜೆಯಲ್ಲ. ಆದರೆ ಮಲೆನಾಡಿನ ಮನೆಗಳಲ್ಲಿ ಎಲ್ಲಿಯೂ ಮಾರಾಟಕ್ಕೆ ಸಿಗದ ಸಂಗೀತ ಇರುವುದು ಅಟ್ಟದ ಮೇಲಿನ ಟ್ರಂಕುಗಳಲ್ಲೇ. ನನ್ನ ಅಪ್ಪಯ್ಯ ತುಂಗೆಯ ದಡದ ಹೊಸಹಳ್ಳಿಯಲ್ಲಿ ನಡೆದ ಒಂದು ಗಮಕ ವಾಚನವನ್ನು ಮುಂದಿನ ಸಾಲಿನಲ್ಲಿ ಕೂತು ಟೇಪ್ ರೆಕಾರ್ಡರಿನಲ್ಲಿ ಹಿಡಿದುಕೊಂಡು ಬಂದಿದ್ದರು. ಹೊಸಹಳ್ಳಿ ಎಂದರೆ ಗಮಕದ ಊರು, ಅಲ್ಲಿನ ಎಚ್. ಆರ್. ಕೇಶವಮೂರ್ತಿಯವರಿಗೆ 2022ರಲ್ಲಿ ಗಮಕಕ್ಕಾಗಿಯೇ ಪದ್ಮಶ್ರೀ ಬಂತು. ಅಪ್ಪಯ್ಯನ ಕ್ಯಾಸೆಟ್ಟಿನಲ್ಲಿ ವಾಚನದ ಜೊತೆಗೆ ಯಾರೋ ಎಲೆಯಡಿಕೆ ಕುಟ್ಟುವ ಸದ್ದೂ ಇದೆ.

ಕ್ಯಾಸೆಟ್ಟನ್ನು ಟ್ರಂಕಿನಿಂದ ತೆಗೆದ ಕೂಡಲೇ ಟೇಪ್ ರೆಕಾರ್ಡರಿಗೆ ತುರುಕಬೇಡಿ. ಬೆಳಕಿಗೆ ಹಿಡಿದು ಸುರುಳಿಯ ಅಂಚು ನೋಡಿ. ಬಿಳಿ ಪುಡಿಯಂತೆ, ಜೇಡರ ಬಲೆಯ ಎಳೆಯಂತೆ ಕಂಡರೆ ಅದು ಬೂಷ್ಟು. ಅಂಥದ್ದನ್ನು ಒಳ್ಳೆಯ ಯಂತ್ರಕ್ಕೆ ಹಾಕಿದರೆ ಬೂಷ್ಟು ಟೇಪನ್ನು ಓದುವ ಹೆಡ್ಡಿಗೆ ಮೆತ್ತಿ ಮುಂದಿನ ಕ್ಯಾಸೆಟ್ಟಿಗೂ ದಾಟುತ್ತದೆ. ಬೂಷ್ಟು ಹಿಡಿದವನ್ನು ಬೇರೆ ಇಟ್ಟು, ಬೇಸಿಗೆಯ ಒಣ ಹವೆಯಲ್ಲಿ, ಮೂಗಿಗೆ ಬಟ್ಟೆ ಕಟ್ಟಿಕೊಂಡು, ಮೆದು ಕುಂಚದಿಂದ ತೆಗೆಯಬೇಕು. ಚೆನ್ನಾಗಿರುವವನ್ನು ಒಮ್ಮೆ ಪೂರ್ತಿ ಮುಂದಕ್ಕೆ, ಒಮ್ಮೆ ಪೂರ್ತಿ ಹಿಂದಕ್ಕೆ ಓಡಿಸಿ. ವರ್ಷಗಟ್ಟಲೆ ಒಂದಕ್ಕೊಂದು ಅಂಟಿ ಕೂತ ಸುರುಳಿ ಸಡಿಲವಾಗುತ್ತದೆ.

ನಂತರ ಯಂತ್ರದ ಹೆಡ್ ಮತ್ತು ರಬ್ಬರ್ ರೋಲರನ್ನು ಹತ್ತಿಗೆ ಐಸೊಪ್ರೊಪೈಲ್ ಆಲ್ಕೊಹಾಲ್ ಹಾಕಿ ಒರೆಸಿ. ಹತ್ತಿಯ ಮೇಲೆ ಕಂದು ಬಣ್ಣ ಬರುವುದು ನಿಲ್ಲುವ ತನಕ ಒರೆಸಬೇಕು. ಹೆಡ್ಡಿನ ಪಕ್ಕದಲ್ಲಿ ಸ್ಪ್ರಿಂಗ್ ಇರುವ ಪುಟ್ಟ ಸ್ಕ್ರೂ ಒಂದಿದೆ. ಮೊದಲಿದ್ದ ಜಾಗಕ್ಕೆ ಗುರುತು ಹಾಕಿಕೊಂಡು, ಹಾಡು ಓಡುತ್ತಿರುವಾಗಲೇ ಅದನ್ನು ಕೂದಲೆಳೆಯಷ್ಟು ಅತ್ತಿತ್ತ ತಿರುಗಿಸಿ. ಕಂಬಳಿಯೊಳಗಿಂದ ಬರುತ್ತಿದ್ದ ಧ್ವನಿ ಒಂದು ಹಂತದಲ್ಲಿ ತಟ್ಟನೆ ತೆರೆದುಕೊಳ್ಳುತ್ತದೆ, ‘ಸ’ಕಾರ ‘ಶ’ಕಾರಗಳು ಬೇರೆ ಬೇರೆಯಾಗಿ ಕೇಳತೊಡಗುತ್ತವೆ. ಟೇಪಿನ ಮೇಲಿನ ಗುರುತಿಗೆ ಹೆಡ್ಡು ಸರಿಯಾಗಿ ಲಂಬವಾಗಿ ನಿಂತಿತೆಂದು ಅರ್ಥ. ಅಪ್ಪಯ್ಯನ ಕ್ಯಾಸೆಟ್ಟಿನಲ್ಲಿ ಹೀಗಾದ ಕ್ಷಣ ನಾನು ಸ್ಕ್ರೂಡ್ರೈವರ್ ಕೆಳಗಿಟ್ಟು ಸುಮ್ಮನೆ ಕೂತೆ.

ಯಂತ್ರದ ಲೈನ್ ಔಟ್‌ನಿಂದ ಕಂಪ್ಯೂಟರಿನ ಲೈನ್ ಇನ್‌ಗೆ ವೈರು ಕೊಡಿ. ಲ್ಯಾಪ್‌ಟಾಪಿಗೆ ಲೈನ್ ಇನ್ ಇರದಿದ್ದರೆ ಯುಎಸ್‌ಬಿಯ ಸಣ್ಣ ಸೌಂಡ್ ಕಾರ್ಡ್ ಒಂದು ಬೇಕಾಗುತ್ತದೆ. ಮೈಕಿನ ತೂತಿಗೆ ನೇರ ಕೊಟ್ಟರೆ ಧ್ವನಿ ಒಡೆಯುತ್ತದೆ. ಆಡಾಸಿಟಿ ಎಂಬ ಉಚಿತ ತಂತ್ರಾಂಶದಲ್ಲಿ 44.1 ಕಿಲೋಹರ್ಟ್ಸ್, 24 ಬಿಟ್ ಇಟ್ಟು, ಅತಿ ಜೋರಿನ ಜಾಗದಲ್ಲೂ ಮೀಟರು −6 ಡೆಸಿಬೆಲ್ ದಾಟದಂತೆ ಮಟ್ಟ ಹೊಂದಿಸಿ ರೆಕಾರ್ಡ್ ಮಾಡಿ. ಟೇಪಿನ ‘ಹುಶ್’ ಸದ್ದನ್ನು ತೆಗೆಯುವ ಆಸೆ ಬಂದೇ ಬರುತ್ತದೆ. ಆ ಸೌಲಭ್ಯವನ್ನು ಹೆಚ್ಚು ಒತ್ತಿದರೆ ಹುಶ್ ಜೊತೆಗೆ ತಂಬೂರಿಯ ಝೇಂಕಾರವೂ ಹೋಗುತ್ತದೆ. ಮೂಲ ಪ್ರತಿಯನ್ನು ಮುಟ್ಟದೆ ಇಟ್ಟುಕೊಂಡು, ನಕಲಿನ ಮೇಲೆ ಮಾತ್ರ ನಿಮ್ಮ ಕೈಚಳಕ ತೋರಿಸಿ.

ನಾಲ್ಕನೆಯ ಹೆಜ್ಜೆ: ಮೆಮೊರಿ ಕಾರ್ಡ್ ಮತ್ತು ಹೆಸರುಗಳು

ಒಮ್ಮೆ ಆನ್‌ಲೈನ್‌ನಲ್ಲಿ ಅರ್ಧ ಬೆಲೆಗೆ ಸಿಕ್ಕಿತೆಂದು 512 ಜಿಬಿಯ ಮೈಕ್ರೊ ಎಸ್‌ಡಿ ಕಾರ್ಡ್ ತರಿಸಿದೆ. ತುಂಬಿಸುವಾಗ ಏನೂ ತಕರಾರಿಲ್ಲ. ಕೇಳುವಾಗ ನೋಡಿದರೆ ಮೊದಲಿನ ಸುಮಾರು 30 ಜಿಬಿ ಹಾಡುಗಳು ಸರಿ, ಅಲ್ಲಿಂದಾಚೆ ಹೆಸರುಗಳಿವೆ, ಹಾಡಿಲ್ಲ. ಒಳಗಿದ್ದದ್ದು 32 ಜಿಬಿಯ ಕಾರ್ಡು, ಮೇಲೆ ಬರೆದದ್ದು ಮಾತ್ರ 512. ಅಂದಿನಿಂದ ಎಲ್ಲಿಂದ ತಂದ ಕಾರ್ಡಾದರೂ ಮೊದಲು ಎಚ್2ಟೆಸ್ಟ್‌ಡಬ್ಲ್ಯು ಎಂಬ ಉಚಿತ ತಂತ್ರಾಂಶದಲ್ಲಿ ಪರೀಕ್ಷಿಸುತ್ತೇನೆ. ಅದು ಕಾರ್ಡನ್ನು ಪೂರ್ತಿ ತುಂಬಿಸಿ ಮತ್ತೆ ಓದಿ ನೋಡುತ್ತದೆ. 128 ಜಿಬಿಗೆ ಮೂರು ನಾಲ್ಕು ತಾಸು ಹಿಡಿಯಬಹುದು. ಕರೆಂಟು ನಿಂತಿರುವ ದಿನ ನೋಡಿ ಹಚ್ಚಿ. ಇಲ್ಲಿ ‘ನಿಂತಿರುವ’ ಎಂದರೆ ಹೋಗದೆ ಇರುವ ಎಂದು ಅರ್ಥ, ಪೇಟೆಯವರು ತಪ್ಪು ತಿಳಿಯಬಾರದು.

128 ಜಿಬಿಯಲ್ಲಿ ಫ್ಲ್ಯಾಕ್ ರೂಪದ ಮುನ್ನೂರು ಆಲ್ಬಮ್ಮುಗಳಿಗೆ ಮೋಸವಿಲ್ಲ. ಕಲಾವಿದರ ಹೆಸರಿನ ಫೋಲ್ಡರ್, ಅದರೊಳಗೆ ಆಲ್ಬಮ್, ಅದರೊಳಗೆ 01, 02 ಎಂದು ಅಂಕಿಯಿಂದ ಶುರುವಾಗುವ ಹಾಡುಗಳು. ಇಷ್ಟೇ ಸಾಕು.

ಕನ್ನಡದಲ್ಲಿ ಹೆಸರು ಬರೆಯುವವರು ಒಂದು ಹಾಡನ್ನು ಮಾತ್ರ ಹಾಕಿ ಮೊದಲು ಪರೀಕ್ಷಿಸಿ. ಎಂಪಿ3ಟ್ಯಾಗ್ ತಂತ್ರಾಂಶದಲ್ಲಿ ಕನ್ನಡ ಬರೆಯುವುದೇನೋ ಸುಲಭ, ಫ್ಲ್ಯಾಕ್‌ನ ಒಳಗೆ ಅದು ಸುರಕ್ಷಿತವಾಗಿಯೂ ಇರುತ್ತದೆ. ತೊಂದರೆ ತೋರಿಸುವ ಪರದೆಯದು. ಆಂಡ್ರಾಯ್ಡ್ ಇರುವ ಪ್ಲೇಯರುಗಳಲ್ಲಿ ಸರಿಯಾಗಿ ಬರುತ್ತದೆ. ಕಂಪನಿಯ ಸ್ವಂತ ತಂತ್ರಾಂಶವಿರುವ ಅಗ್ಗದವುಗಳಲ್ಲಿ ಒಂದೋ ಬರೀ ಚೌಕಗಳು, ಇಲ್ಲವೇ ಒತ್ತಕ್ಷರ ಬಿಡಿಬಿಡಿಯಾಗಿ ‘ಶಿವಮೊಗ್‌ಗ ಸುಬ್‌ಬಣ್‌ಣ’ ಎಂದು ಬರುತ್ತದೆ. ರಾಷ್ಟ್ರಪ್ರಶಸ್ತಿ ಪಡೆದ ಮೊದಲ ಕನ್ನಡ ಹಿನ್ನೆಲೆ ಗಾಯಕರಿಗೆ ಆಗಬಾರದ ಅವಮಾನ. ಇಂಥ ಪ್ಲೇಯರ್ ಇದ್ದರೆ ವಿಧಿಯಿಲ್ಲ, ಇಂಗ್ಲಿಷ್ ಅಕ್ಷರದಲ್ಲೇ ಬರೆದುಕೊಳ್ಳಬೇಕು.

ಐದನೆಯ ಹೆಜ್ಜೆ: ಕಿವಿಗೆ ಕೂರುವಂಥದ್ದು

ಹಂಚಿನ ಮಾಡಿನ ಮೇಲೆ ಮಳೆ ಬೀಳುವ ಸದ್ದಿಗೆ ಒಂದು ಗುಣವಿದೆ: ಅದರಲ್ಲಿ ತಗ್ಗಿನಿಂದ ಎತ್ತರದವರೆಗೆ ಎಲ್ಲ ಸ್ವರಗಳೂ ಇರುತ್ತವೆ. ಹಾಗಾಗಿ ಅದು ಹಾಡಿನ ಮೆಲುದನಿಯ ಭಾಗಗಳನ್ನೆಲ್ಲ ನುಂಗಿಬಿಡುತ್ತದೆ. ಮೆಲುದನಿ ಕೇಳಲೆಂದು ನಾವು ವಾಲ್ಯೂಮ್ ಏರಿಸುತ್ತೇವೆ, ಜೋರಿನ ಭಾಗ ಬಂದಾಗ ಕಿವಿ ಗುಂಯ್‌ಗುಡುತ್ತದೆ. ವರ್ಷಕ್ಕೆ 7,000 ಮಿಲಿಮೀಟರ್ ದಾಟಿ ಸುರಿಯುವ ಆಗುಂಬೆಯ ಆಸುಪಾಸಿನಲ್ಲಿ ಹಿಂಬದಿ ತೆರೆದಿರುವ ದೊಡ್ಡ ಹೆಡ್‌ಫೋನ್ ಕೊಂಡರೆ ಅದು ದೀಪಾವಳಿಯ ನಂತರವೇ ಕೆಲಸಕ್ಕೆ ಬರುವುದು. ಇಲ್ಲಿಗೆ ಬೇಕಾದದ್ದು ಕಿವಿಯ ಒಳಗೆ ಕೂತು ಬಿರಡೆಯಂತೆ ಮುಚ್ಚುವ ಇಯರ್‌ಫೋನ್.

ಎರಡು ಮೂರು ಸಾವಿರಕ್ಕೆ ಈಗ ಬಹಳ ಒಳ್ಳೆಯ ತಂತಿಯ ಇಯರ್‌ಫೋನ್‌ಗಳು ಸಿಗುತ್ತವೆ. ಆದರೆ ಯಾವುದನ್ನೇ ಕೊಳ್ಳಿ, ಅದರ ಜೊತೆ ಬರುವ ರಬ್ಬರ್ ಟೊಪ್ಪಿಗೆಗಳ ಮೇಲೆ ಅರ್ಧ ದಿನ ಕಳೆಯಿರಿ. ಟೊಪ್ಪಿಗೆ ಸರಿಯಾಗಿ ಕೂರದಿದ್ದರೆ ಸಂದಿಯಿಂದ ಮೊದಲು ಸೋರಿಹೋಗುವುದು ತಗ್ಗಿನ ಸ್ವರ. ಮದ್ದಳೆ ಡಬ್ಬದಂತೆ ಕೇಳುತ್ತಿದ್ದರೆ ಇಯರ್‌ಫೋನನ್ನು ಬೈಯುವ ಮೊದಲು ಒಂದು ಅಳತೆ ದೊಡ್ಡ ಟೊಪ್ಪಿಗೆ ಹಾಕಿ. ಕಿವಿಯನ್ನು ಇನ್ನೊಂದು ಕೈಯಿಂದ ಮೇಲಕ್ಕೆ ಹಿಂದಕ್ಕೆ ಎಳೆದುಕೊಂಡು ಒಳಗೆ ಕೂರಿಸಿ. ಎಡ ಬಲ ಕಿವಿಗಳಿಗೆ ಬೇರೆ ಬೇರೆ ಅಳತೆ ಬೇಕಾಗುವುದೂ ಉಂಟು. ನನಗೆ ಎಡಕ್ಕೆ ಮಧ್ಯಮ, ಬಲಕ್ಕೆ ದೊಡ್ಡದು. ಸ್ಪಂಜಿನ ಟೊಪ್ಪಿಗೆಗಳು ಮಳೆಯ ಸದ್ದನ್ನು ಇನ್ನೂ ಚೆನ್ನಾಗಿ ತಡೆಯುತ್ತವೆ, ಆದರೆ ನಮ್ಮ ಥಂಡಿಗೆ ಬೇಗ ಕೊಳೆಯುತ್ತವೆ.

ಬ್ಲೂಟೂತ್ ಇಯರ್‌ಬಡ್ ಸಾಕು ಎನ್ನುವವರಿಗೆ ಒಂದು ಮಾತು. ಬ್ಲೂಟೂತ್‌ನಲ್ಲಿ ಪ್ಲೇಯರ್ ಅಂಕಿಗಳನ್ನಷ್ಟೇ ಕಳಿಸುತ್ತದೆ. ಅವನ್ನು ಧ್ವನಿಯಾಗಿಸುವ ಡ್ಯಾಕ್ ಇರುವುದು ಇಯರ್‌ಬಡ್ಡಿನ ಒಳಗೆ. ಅಂದರೆ ದುಬಾರಿ ಪ್ಲೇಯರಿನಲ್ಲಿ ನೀವು ದುಡ್ಡು ಕೊಟ್ಟು ಕೊಂಡ ಭಾಗ ನಿದ್ದೆ ಮಾಡುತ್ತಿರುತ್ತದೆ. ಎಲ್‌ಡ್ಯಾಕ್ ಎಂಬ ವಿಧಾನದಲ್ಲಿ 990 ಕೆಬಿಪಿಎಸ್‌ವರೆಗೆ ಕಳಿಸಬಹುದು, ಬ್ಲೂಟೂತ್‌ನ ಮಾಮೂಲಿ ವಿಧಾನವಾದ ಎಸ್‌ಬಿಸಿಯಲ್ಲಿ ಸಾಮಾನ್ಯವಾಗಿ ಗರಿಷ್ಠ 328. ಇಯರ್‌ಬಡ್‌ನಲ್ಲೇ ಕೇಳುವುದಾದರೆ ಫೋನೇ ಸಾಕು.

ಒಂದು ಎಚ್ಚರಿಕೆ, ಇದನ್ನು ಅಮ್ಮ ನನಗೆ ಹೇಳುತ್ತಲೇ ಇರುತ್ತಾರೆ: ಎರಡೂ ಕಿವಿ ಮುಚ್ಚಿಕೊಂಡು ತೋಟಕ್ಕೆ ಇಳಿಯಬೇಡಿ. ಕಾಡುಕೋಣ ಹಾರ್ನ್ ಮಾಡುವುದಿಲ್ಲ.

ಆರನೆಯ ಹೆಜ್ಜೆ: ಈಗ ಪ್ಲೇಯರ್

ಜಾಹೀರಾತಿನಲ್ಲಿ ಮೊದಲು ಕಾಣುವುದು ಶಕ್ತಿಯ ಲೆಕ್ಕ: ಇಷ್ಟು ನೂರು ಮಿಲಿವ್ಯಾಟ್, ಅಷ್ಟು ನೂರು ಮಿಲಿವ್ಯಾಟ್. ಇಯರ್‌ಫೋನಿನ ಡಬ್ಬಿಯ ಮೇಲೆ ಸಂವೇದನೆ ಮಿಲಿವ್ಯಾಟಿಗೆ 105 ಡೆಸಿಬೆಲ್ ಎಂದಿದ್ದರೆ, ಒಂದು ಮಿಲಿವ್ಯಾಟ್ ಕೊಟ್ಟಾಗ ಅದು 105 ಡೆಸಿಬೆಲ್‌ನಲ್ಲಿ ಕಿರುಚುತ್ತದೆ ಎಂದರ್ಥ. ನೀವು ಕೇಳುವುದು ಹೆಚ್ಚೆಂದರೆ 80ರಲ್ಲಿ. ಅದಕ್ಕೆ ಬೇಕಾದ ಶಕ್ತಿ ಒಂದು ಮಿಲಿವ್ಯಾಟಿನ ಮುನ್ನೂರನೆಯ ಒಂದು ಭಾಗ. ನೂರಾರು ಮಿಲಿವ್ಯಾಟ್ ಬೇಕಾಗುವುದು ಸಂವೇದನೆ ತೀರಾ ಕಡಿಮೆಯಿರುವ ದೊಡ್ಡ ಹೆಡ್‌ಫೋನ್ ಇಟ್ಟುಕೊಂಡವರಿಗೆ, ಅದೂ ಯಾವಾಗಲಾದರೊಮ್ಮೆ. ಸೈಕಲ್ ತುಳಿಯುವವನಿಗೆ ಲಾರಿಯ ಎಂಜಿನ್ ಮಾರುವ ಚಾಳಿ ಇದು.

ಶಕ್ತಿಗಿಂತ ಮುಖ್ಯ ಸಂಗತಿಗಳು ಬೇರೆ. ಪ್ಲೇಯರಿನ ಔಟ್‌ಪುಟ್ ಇಂಪೀಡೆನ್ಸ್, ಅಂದರೆ ವಿದ್ಯುತ್ತಿಗೆ ಅದು ಒಡ್ಡುವ ತಡೆ (ಅಳತೆ ಓಮ್ಸ್‌ನಲ್ಲಿ), ಇಯರ್‌ಫೋನಿನದ್ದರ ಎಂಟನೆಯ ಒಂದು ಭಾಗಕ್ಕಿಂತ ಕಡಿಮೆ ಇರಬೇಕು. 16 ಓಮ್ಸ್ ಇಯರ್‌ಫೋನಿಗೆ 2 ಓಮ್ಸ್ ಒಳಗೆ. ಹಾಡು ಹಚ್ಚದೆ ಪ್ಲೇಯರ್ ಚಾಲೂ ಮಾಡಿ ಕಿವಿಗಿಟ್ಟುಕೊಂಡಾಗ ‘ಸೊಂಯ್’ ಎನ್ನಬಾರದು. ಗ್ಯಾಪ್‌ಲೆಸ್ ಸೌಲಭ್ಯ ಇರಲೇಬೇಕು: ರಾಗ ಒಂದು ಕಡತದಿಂದ ಇನ್ನೊಂದಕ್ಕೆ ದಾಟುವಾಗ ಅರೆಕ್ಷಣ ಮೌನ ಬಂದರೆ ಎದೆಗೆ ಚುಚ್ಚಿದಂತಾಗುತ್ತದೆ. ಯಕ್ಷಗಾನ ಪ್ರಿಯರು ನಿಲ್ಲಿಸಿದ ಜಾಗ ನೆನಪಿಡುವ ಸೌಲಭ್ಯವನ್ನೂ ನೋಡಿ. ಇಲ್ಲವಾದರೆ ಪ್ರತಿ ರಾತ್ರಿಯೂ ಗಣಪತಿ ಸ್ತುತಿಯಿಂದಲೇ ಶುರುವಾಗುತ್ತದೆ.

ಆಂಡ್ರಾಯ್ಡ್ ಇರುವ ಪ್ಲೇಯರ್ ತೆಗೆದುಕೊಂಡರೆ ಆ್ಯಪ್‌ಗಳೂ ಕನ್ನಡವೂ ಸಿಗುತ್ತವೆ, ಬ್ಯಾಟರಿ ಬೇಗ ಹೋಗುತ್ತದೆ. ಸ್ವಂತ ತಂತ್ರಾಂಶದ ಸರಳ ಪ್ಲೇಯರ್ ಆದರೆ ಚಾಲೂ ಆಗುವುದು ಬೇಗ, ಬ್ಯಾಟರಿ ನಿಲ್ಲುವುದು ಹೆಚ್ಚು, ಬೆಲೆಯೂ ಅರ್ಧಕ್ಕಿಂತ ಕಡಿಮೆ. ನೆಟ್‌ವರ್ಕ್ ಇಲ್ಲದ ಮನೆಗೆ ನಾನು ಎರಡನೆಯದನ್ನೇ ಹೇಳುತ್ತೇನೆ. ಎಡ ಬಲ ಕಿವಿಗಳಿಗೆ ಬೇರೆ ಬೇರೆ ಜೋಡಿ ತಂತಿ ಕೊಡುವ 4.4 ಮಿಲಿಮೀಟರಿನ ಬ್ಯಾಲನ್ಸ್ಡ್ ತೂತು ಇದ್ದರೆ ಇರಲಿ, ಅದಕ್ಕೆಂದೇ ಹೆಚ್ಚು ಕೊಡಬೇಡಿ.

ತಂದ ಮೇಲೆ ಗೇನ್ ಅನ್ನು, ಅಂದರೆ ಪ್ಲೇಯರ್ ಸದ್ದನ್ನು ಹಿಗ್ಗಿಸುವ ಮಟ್ಟವನ್ನು, ಲೋ ಎಂದು ಇಡಿ. ಬಾಸ್ ಬೂಸ್ಟ್, ಸರೌಂಡ್ ಎಂಬ ಹೆಸರಿನವನ್ನೆಲ್ಲ ಆಫ್ ಮಾಡಿ. ತಗ್ಗಿನ, ಎತ್ತರದ ಸ್ವರಗಳನ್ನು ಬೇರೆ ಬೇರೆಯಾಗಿ ಏರಿಸಿ ಇಳಿಸುವ ಈಕ್ವಲೈಸರ್ ಬಳಸುವುದಾದರೆ ಬೇಕಾದ್ದನ್ನು ಏರಿಸುವ ಬದಲು ಬೇಡವಾದದ್ದನ್ನು ಇಳಿಸಿ. ಏರಿಸಲೇಬೇಕಾದರೆ ಒಟ್ಟು ಮಟ್ಟವನ್ನು ಅಷ್ಟೇ ಡೆಸಿಬೆಲ್ ತಗ್ಗಿಸಿಕೊಳ್ಳಿ, ಇಲ್ಲವಾದರೆ ಜೋರಿನ ಜಾಗದಲ್ಲಿ ಧ್ವನಿ ಒಡೆಯುತ್ತದೆ. ಒಂದು ಹಾಡು ಪಿಸುಗುಟ್ಟಿ ಮುಂದಿನದು ಅಬ್ಬರಿಸುತ್ತಿದ್ದರೆ ಕಂಪ್ಯೂಟರಿನ ಫೂಬಾರ್2000 ಎಂಬ ತಂತ್ರಾಂಶದಲ್ಲಿ, ಹಾಡುಗಳ ಸದ್ದಿನ ಮಟ್ಟ ಸಮ ಮಾಡಲೆಂದಿರುವ ರೀಪ್ಲೇಗೇನ್ ಅಳತೆ ಹಾಕಿಸಿ. ಹಾಡನ್ನು ಮುಟ್ಟದೆ ಜೊತೆಗೊಂದು ಚೀಟಿ ಅಂಟಿಸಿದಂತೆ ಅದು.

ಏಳನೆಯ ಹೆಜ್ಜೆ: ಕೇಳಿ ನೋಡುವ ಬಗೆ

ಎರಡು ಪ್ಲೇಯರ್‌ಗಳನ್ನೋ ಎರಡು ಕಡತಗಳನ್ನೋ ಹೋಲಿಸುವಾಗ ಸದ್ದಿನ ಮಟ್ಟ ಒಂದೇ ಇರಬೇಕು. ಒಂದು ತುಸುವೇ ಜೋರಾಗಿದ್ದರೂ ಕಿವಿ ಅದನ್ನೇ ಚೆನ್ನಾಗಿದೆ ಎನ್ನುತ್ತದೆ. ಅಂಗಡಿಯವರಿಗೆ ಈ ಗುಟ್ಟು ಚೆನ್ನಾಗಿ ಗೊತ್ತು. ಮನೆಯಲ್ಲಿ ಮಗಳಿಗೆ ಹೇಳಿ ಯಾವುದು ಓಡುತ್ತಿದೆ ಎಂದು ತೋರಿಸದೆ ಹಚ್ಚಿಸಿಕೊಳ್ಳಿ. ಹತ್ತು ಸಲದಲ್ಲಿ ಐದಾರು ಸಲ ಸರಿ ಹೇಳಿದರೆ ಅದು ಬರೀ ಊಹೆ, ಒಂಬತ್ತು ಸಲ ಹೇಳಿದರೆ ನಿಜ. ನಾನು ಹೊಸ ಪ್ಲೇಯರಿಗೂ ಹಳೆಯ ಡಾಂಗಲ್‌ಗೂ ಹೀಗೆ ಮಾಡಿ ಆರು ಸಲ ಸರಿ ಹೇಳಿದೆ. ಮಗಳು ಅದನ್ನು ಈಗಲೂ ನೆಂಟರ ಮುಂದೆ ಹೇಳುತ್ತಾಳೆ.

ಪರೀಕ್ಷೆಗೆ ದೊಡ್ಡ ವಾದ್ಯಗೋಷ್ಠಿ ಬೇಡ. ಒಂಟಿ ಕಂಠದ ಗಮಕವೋ ಭಾವಗೀತೆಯೋ ಸಾಕು, ಏಕೆಂದರೆ ಮನುಷ್ಯನ ದನಿ ಹೇಗಿರಬೇಕೆಂದು ನಮಗೆ ಯಾರೂ ಹೇಳಿಕೊಡಬೇಕಿಲ್ಲ. ‘ಸ’ಕಾರ ಸೂಜಿಯಂತೆ ಚುಚ್ಚಿದರೆ ಇಯರ್‌ಫೋನ್ 5ರಿಂದ 8 ಕಿಲೋಹರ್ಟ್ಸ್ ನಡುವೆ ಹೆಚ್ಚು ಎತ್ತಿ ಹಿಡಿಯುತ್ತಿದೆ, ಈಕ್ವಲೈಸರಿನಲ್ಲಿ ಅಲ್ಲಿ ಎರಡು ಮೂರು ಡೆಸಿಬೆಲ್ ಇಳಿಸಿ. ‘ಶ’, ‘ಷ’, ‘ಸ’ ಮೂರೂ ಒಂದೇ ಎನಿಸಿದರೆ ತಪ್ಪು ಕಡತದ್ದು, ಇಲ್ಲವೇ ಹಾಡಿದವರದ್ದು.

ಎಷ್ಟು ಹೊತ್ತು, ಎಷ್ಟು ಜೋರು? ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 80 ಡೆಸಿಬೆಲ್ ಆದರೆ ವಾರಕ್ಕೆ 40 ತಾಸು, 90 ಆದರೆ 4 ತಾಸು. ಮೂರು ಡೆಸಿಬೆಲ್ ಏರಿದಾಗಲೆಲ್ಲ ಸಮಯ ಅರ್ಧವಾಗುತ್ತದೆ. ಮಳೆಯಿಲ್ಲದ ಹೊತ್ತಿನಲ್ಲಿ ಹಿತವಾಗಿ ಕೇಳುವ ಮಟ್ಟ ಗುರುತಿಟ್ಟುಕೊಂಡು, ಮಳೆ ಬಂದಾಗ ಅದನ್ನು ದಾಟದಿರುವುದು ನನ್ನ ಪದ್ಧತಿ.

ಕೊನೆಯ ಹೆಜ್ಜೆ: ಥಂಡಿಯಿಂದ ಕಾಪಾಡುವುದು

ಎರಡು ವರ್ಷದ ಹಿಂದಿನ ಆಷಾಢದಲ್ಲಿ ನನ್ನ ಪ್ಲೇಯರಿನ ಗಾಜಿನೊಳಗೆ ಹಬೆ ಕಟ್ಟಿತು. ಕಂಬಳಿ, ಬೆಂಕಿಪೆಟ್ಟಿಗೆ, ಹಪ್ಪಳ ಎಲ್ಲವೂ ಬೆಚ್ಚಗಿರುವ ಜಾಗ ನಮ್ಮ ಬಚ್ಚಲೊಲೆಯ ಮೇಲಿನ ಹಲಗೆ. ಅದನ್ನೂ ಅಲ್ಲೇ ಇಟ್ಟೆ. ಮೂರನೆಯ ದಿನ ತೆಗೆದು ನೋಡಿದರೆ ಹಬೆ ಹೋಗಿತ್ತು, ಹಿಂಬದಿಯ ಮುಚ್ಚಳ ಬೆಂದ ಕಡುಬಿನಂತೆ ಉಬ್ಬಿತ್ತು. ಲಿಥಿಯಂ ಬ್ಯಾಟರಿಗೆ ಥಂಡಿಗಿಂತ ಬಿಸಿಯೇ ದೊಡ್ಡ ಶತ್ರು. ಉಬ್ಬಿದ ಬ್ಯಾಟರಿಯನ್ನು ಚುಚ್ಚಬಾರದು, ಒತ್ತಬಾರದು, ಮತ್ತೆ ಚಾರ್ಜಿಗೆ ಹಾಕಲೇಬಾರದು. ರಿಪೇರಿಯವರ ಕೈಗೆ ಕೊಟ್ಟುಬಿಡಬೇಕು.

ಈಗ ನಾನು ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಪ್ಲೇಯರ್, ಇಯರ್‌ಫೋನ್, ಕಾರ್ಡುಗಳನ್ನಿಟ್ಟು, ತಳಕ್ಕೆ ಸಿಲಿಕಾ ಜೆಲ್ ಮಣಿಗಳ ಬಟ್ಟೆ ಚೀಲ ಹಾಕುತ್ತೇನೆ. ಅಕ್ಕಿಯ ಡಬ್ಬಿಯಲ್ಲಿಡುವ ಮದ್ದು ಬೇಡ. ಮಳೆಗಾಲದಲ್ಲಿ ನಮ್ಮ ಅಕ್ಕಿಯೇ ತೇವ ಎಳೆದುಕೊಂಡಿರುತ್ತದೆ, ಮೇಲಾಗಿ ಅದರ ಧೂಳು ತೂತುಗಳಿಗೆ ಸೇರುತ್ತದೆ. ತಿಂಗಳುಗಟ್ಟಲೆ ಬಳಸದೆ ಇಡುವುದಾದರೆ ಬ್ಯಾಟರಿ ಅರ್ಧ ಚಾರ್ಜ್ ಇರಲಿ. ಇಯರ್‌ಫೋನ್ ಪಿನ್ನಿಗೆ ಹಸಿರು ಕಿಲುಬು ಕಂಡರೆ ಕ್ಯಾಸೆಟ್ ಹೆಡ್ಡಿಗೆ ಬಳಸಿದ ಆಲ್ಕೊಹಾಲಿನಲ್ಲೇ ಒರೆಸಿ.

ಕಿತ್ತಳೆ ಬಣ್ಣದ ಮಣಿಗಳನ್ನೇ ಕೇಳಿ ತನ್ನಿ; ತೇವ ಹೀರಿ ಸಾಕಾದಾಗ ಅವು ಹಸಿರಾಗುತ್ತವೆ. ಅಡುಗೆಗೆ ಬಳಸದ ಹಳೆಯ ಬಾಣಲೆಯಲ್ಲಿ ಸಣ್ಣ ಉರಿಗೆ ಹಿಡಿದು ಕೈಯಾಡಿಸುತ್ತಿದ್ದರೆ ಮತ್ತೆ ಕಿತ್ತಳೆಗೆ ತಿರುಗುತ್ತವೆ. ಆರಿದ್ರಾ ಮಳೆಗೆ ಒಮ್ಮೆ, ಪುಷ್ಯ ಮಳೆಗೆ ಒಮ್ಮೆ ಹುರಿದರೆ ನಮ್ಮ ಮನೆಯ ಡಬ್ಬಿಗೆ ಸಾಕಾಗುತ್ತದೆ. ಆಗುಂಬೆಗೆ ಇನ್ನೂ ಹತ್ತಿರದವರು ನಡುವಿನ ಪುನರ್ವಸುವಿಗೂ ಒಮ್ಮೆ ಬಾಣಲೆ ಇಳಿಸಿಕೊಳ್ಳಬೇಕು.